ಬರಿಗೊಡಗಳ ಅಧ್ಯಾಯ: ಪ್ರವಾದಿ ಯೆರೆಮೀಯ 14

ಸಮಸಂಖ್ಯೆಯ ವರ್ಷಗಳಲ್ಲಿ, ಸಾಧಾರಣ ಕಾಲದ ಹದಿನೇಳನೆಯ ವಾರದ ಮಂಗಳವಾರದಂದು, ಬಲಿಪೂಜೆಯ ಮೊದಲನೆಯ ವಾಚನವಾಗಿ ಪ್ರವಾದಿ ಯೆರೆಮೀಯನ ಗ್ರಂಥದ 14ನೆಯ ಅಧ್ಯಾಯದ ಕೊನೆಯ ಆರು ವಚನಗಳನ್ನು ಓದಲಾಗುತ್ತದೆ. ಆ ಮಂಗಳವಾರ ಜುಲೈ ತಿಂಗಳ ಕೊನೆಯ ವಾರದಲ್ಲಿ, ತಪ್ಪಿದರೆ ಆಗಸ್ಟ್ 1ರಂದು ಬರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ರೈತನಿಗೆ ಮುಂಗಾರಿ ಕೈಹಿಡಿಯಿತೋ ಕೈಕೊಟ್ಟಿತೋ ಎಂಬುದು ನಿಶ್ಚಯವಾಗಿ ತಿಳಿಯುವುದೂ ಅದೇ ವಾರದಲ್ಲಿ. ತೊಗರಿ, ಹೆಸರು, ಸಜ್ಜೆಗಳು ಮೊಳಕೆಯೊಡೆದು ಮೇಲೆದ್ದಿರಬೇಕು, ಇಲ್ಲವೆ ಬಿತ್ತಿದ ಬೀಜ ಮಣ್ಣಿನಲ್ಲೇ ಸುಟ್ಟುಹೋಗಿರಬೇಕು.

ವಾರದ ದಿನದ ಪೂಜೆಗೆ ಬರುವವರು ಎಷ್ಟು ಮಂದಿ ಎಂಬ ಮಾತು ಒಂದು ಕಡೆ ಇರಲಿ. ಬಂದವರ ಕಿವಿಗೂ ಆ ದಿನ ಬೀಳುವುದು ಕೊನೆಯ ಆರು ವಚನಗಳು ಮಾತ್ರ. ಬರಗಾಲದ ವರ್ಣನೆ ಇರುವುದು ಬಿಟ್ಟುಹೋದ ಹದಿನಾರು ವಚನಗಳಲ್ಲಿ. ಕಾರಣ ಕೇಳದೆ ಕೇವಲ ಅಳು ಕೇಳಿಸಿಕೊಂಡಂತೆ ಇದು. ಆದುದರಿಂದ ಆ ಅಧ್ಯಾಯವನ್ನು ಮೊದಲಿನಿಂದ ಓದುವುದು ಉಚಿತ. ಅದರಲ್ಲೂ ವಿಜಯಪುರ ಜಿಲ್ಲೆಯಲ್ಲಿ ಬದುಕುವವರು ಅದನ್ನು ಓದಲು ಯಾವ ವ್ಯಾಖ್ಯಾನಕಾರನ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ.

ಯೆರೆಮೀಯನು ಜೆರುಸಲೇಮಿಗೆ ಒಂದು ಗಂಟೆಯ ನಡಿಗೆಯಷ್ಟು ಸಮೀಪದ ಅನಾತೋತ್ ಎಂಬ ಹಳ್ಳಿಯ ಯಾಜಕ ಮನೆತನದವನು. ಕ್ರಿ.ಪೂ. 627ರ ಸುಮಾರಿಗೆ ಅವನಿಗೆ ದೈವಕರೆ ಬಂದಿತು. ಕ್ರಿ.ಪೂ. 587ರ ಸುಮಾರಿಗೆ ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಕೆಡವಿದ್ದನ್ನು ಅವನು ಕಣ್ಣಾರೆ ಕಂಡನು. ಈ ನಲವತ್ತು ವರ್ಷಗಳ ನಡುವೆ ಯಾವಾಗಲೋ ಬಿದ್ದ ಬರ ಇದು. ಗ್ರಂಥ ವರ್ಷವನ್ನು ಹೇಳುವುದಿಲ್ಲ. ಮೂಲ ಹೀಬ್ರೂ ಭಾಷೆಯಲ್ಲಿ ಬರ ಎಂಬ ಪದ ಇಲ್ಲಿ ಬಹುವಚನದಲ್ಲಿದೆ: ಒಂದು ಬರವಲ್ಲ, ಬರಗಳು. 2001ರಿಂದ ಮೊದಲ್ಗೊಂಡು ಮೂರು ವರ್ಷ ಬಿಡದೆ ಬರ ಅನುಭವಿಸಿದ ನಮ್ಮ ಸೀಮೆಯ ಜನಕ್ಕೆ ಆ ಬಹುವಚನದ ಅರ್ಥವನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಸಂಗತಿ: ಜೆರುಸಲೇಮಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 550 ಮಿ.ಮೀ., ವಿಜಯಪುರದ್ದು ಸುಮಾರು 600 ಮಿ.ಮೀ. ಎರಡೂ ಮಳೆಯೇ ಇಲ್ಲದ ಮರುಭೂಮಿಗಳಲ್ಲ. ಬರಬೇಕಾದ ಮಳೆ ಬರಬೇಕಾದ ಹದಕ್ಕೆ ಬಾರದಿದ್ದರೆ ಇಡೀ ವರ್ಷ ನೆಲ ಕಚ್ಚುವ ಸೀಮೆಗಳು. ಡೋಣಿ ಕೊಳ್ಳ ಬೆಳೆದರೆ ಓಣಿಯೆಲ್ಲ ಜೋಳ ಎಂಬ ನಮ್ಮ ಹಿರಿಯರ ಮಾತಿನಲ್ಲಿ ಹೆಮ್ಮೆಯಿದ್ದಂತೆ, 'ಬೆಳೆದರೆ' ಎಂಬ ಅಳುಕೂ ಇದೆ.

ಅಧ್ಯಾಯ ತೆರೆದುಕೊಳ್ಳುವುದು ಊರ ಬಾಗಿಲಲ್ಲಿ. ಶ್ರೀಮಂತರು ತಮ್ಮ ಆಳುಮಕ್ಕಳನ್ನು ನೀರಿಗೆ ಕಳುಹಿಸುತ್ತಾರೆ. ಆಳುಗಳು ಮಳೆನೀರಿನ ಗುಂಡಿಗಳವರೆಗೆ ಹೋಗಿ, ಬರಿಗೊಡಗಳೊಡನೆ ತಲೆಗೆ ಮುಸುಕೆಳೆದುಕೊಂಡು ಹಿಂದಿರುಗುತ್ತಾರೆ. ಜುದೇಯದ ಬೆಟ್ಟಗಳಲ್ಲಿ ಬಂಡೆ ಕೊರೆದು, ಒಳಗೆ ಸುಣ್ಣದ ಗಾರೆ ಮೆತ್ತಿ, ಮಳೆನೀರು ಹಿಡಿದಿಡುವ ತೊಟ್ಟಿಗಳಿದ್ದವು. ನಮ್ಮಲ್ಲಿ ಬಾವಡಿಗಳಿದ್ದ ಹಾಗೆ. ಪ್ರವಾದಿ ಬರದ ಚಿತ್ರವನ್ನು ಶ್ರೀಮಂತರ ಮನೆಯಿಂದ ಆರಂಭಿಸಿದ್ದೇಕೆ? ನೀರು ತರುವ ಆಳು ಇದ್ದವರ ಕೊಡವೇ ಬರಿದಾದರೆ ಉಳಿದವರ ಪಾಡೇನೆಂದು ನಾವೇ ಊಹಿಸಲಿ ಎಂದು ತೋರುತ್ತದೆ. ಅಲ್ಲಿಯೂ ಬಾಯಾರಿದವನು ಒಬ್ಬ, ಬಿಸಿಲಲ್ಲಿ ನಡೆದವನು ಇನ್ನೊಬ್ಬ ಎಂಬುದನ್ನು ಗಮನಿಸಬೇಕು.

ಮುಂದಿನ ನೋಟ ಹೊಲದ್ದು. ಮಳೆಯಿಲ್ಲದೆ ನೆಲ ಬಿರಿದಿದೆ. ಇಲ್ಲಿ ಬಳಸಿರುವ ಹೀಬ್ರೂ ಪದ 'ಖತ್ತಾ'. ಅದಕ್ಕೆ ಒಡೆದುಹೋಯಿತು ಎಂಬ ಅರ್ಥವೂ ಉಂಟು, ಎದೆಗುಂದಿತು ಎಂಬ ಅರ್ಥವೂ ಉಂಟು. ಯೆರೆಮೀಯನನ್ನು ಕರೆದಾಗ, ಜನರೆದುರು ಎದೆಗುಂದಬೇಡ ಎಂದು ಸರ್ವೇಶ್ವರನು ಹೇಳಿದ್ದು ಇದೇ ಧಾತುವಿನ ಪದದಿಂದ. ಹೀಗೆ ಮನುಷ್ಯನ ಭಯವೂ ಮಣ್ಣಿನ ಬಿರುಕೂ ಒಂದೇ ಮಾತಿನೊಳಗೆ ಸೇರಿವೆ. ಏಪ್ರಿಲ್ ತಿಂಗಳಲ್ಲಿ ಡೋಣಿ ದಂಡೆಯ ಎರೆಹೊಲ ಮೊಣಕಾಲುದ್ದ ಬಾಯಿ ಬಿಟ್ಟಿದ್ದನ್ನು ಕಂಡವರಿಗೆ ಈ ಶ್ಲೇಷೆ ಪಂಡಿತರ ಚಮತ್ಕಾರವೆಂದು ಅನ್ನಿಸದು.

ರೈತರೂ ತಲೆಗೆ ಮುಸುಕೆಳೆದುಕೊಂಡರು, ನಾಚಿಕೊಂಡರು ಎಂದು ಗ್ರಂಥ ಹೇಳುತ್ತದೆ. ಈ ನಾಚಿಕೆ ಎಂಬ ಪದದ ಬಳಿ ನಾನು ಪ್ರತಿಸಲವೂ ನಿಲ್ಲುತ್ತೇನೆ. ಮಳೆ ಬಾರದಿರುವುದಕ್ಕೆ ರೈತನೇಕೆ ನಾಚಬೇಕು? ಕದ್ದವನಲ್ಲ, ಸುಳ್ಳಾಡಿದವನಲ್ಲ. ಆದರೂ ಸೊಸೈಟಿಯ ನೋಟೀಸು ಮನೆಗೆ ಬಂದ ದಿನ ಅವನು ಊರ ಕಟ್ಟೆಗೆ ಬಂದು ಕೂರುವುದಿಲ್ಲ; ಮಗಳ ಮದುವೆ ಮುಂದೆ ಹಾಕಿದ ತಂದೆ ಬೀಗರ ಎದುರು ಟವೆಲ್ಲಿನಿಂದ ಮುಖ ಒರೆಸುತ್ತಾನೆ. ಹಸಿವೆಗಿಂತ ಮೊದಲು ಮನುಷ್ಯನನ್ನು ಕೊಲ್ಲುವುದು ಈ ನಾಚಿಕೆ. ನೇಣಿಗೆ ಕೊರಳೊಡ್ಡಿದ ರೈತರ ಮನೆಗಳಿಗೆ ಹೋಗಿ ಕುಳಿತು ಬಂದಿದ್ದೇನೆ. ಆ ಮನೆಗಳಲ್ಲಿ ಹಗೇವಿನ ತಳದಲ್ಲಿ ಇನ್ನೂ ನಾಲ್ಕು ಸೇರು ಜೋಳ ಇತ್ತು.

ಬಳಿಕ ಬರುವ ನೋಟ ಕಾಡಿನದು. ಜಿಂಕೆ ಈದು, ಹುಲ್ಲಿಲ್ಲದ ಕಾರಣ ಮರಿಯನ್ನು ಬಿಟ್ಟು ಹೋಗುತ್ತದೆ. ಕಾಡುಕತ್ತೆಗಳು ಬೋಳುಗುಡ್ಡದ ಮೇಲೆ ನಿಂತು ನರಿಗಳ ಹಾಗೆ ಗಾಳಿಗೆ ಬಾಯಿ ತೆರೆಯುತ್ತವೆ. ಅವುಗಳ ಕಣ್ಣು ಮಂಕಾಗುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2003ರ ಆಗಸ್ಟ್ ತಿಂಗಳು. ಗುರುಪಟ್ಟ ಪಡೆದು ಬಹಳ ವರ್ಷಗಳೇನೂ ಆಗಿರಲಿಲ್ಲ. ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಬೆರಳೆಣಿಕೆಯ ಕ್ರೈಸ್ತ ಮನೆಗಳಿದ್ದವು. ತಿಂಗಳಿಗೆರಡು ಸಲ ಹೋಗಿ ಒಂದು ಮನೆಯ ಪಡಸಾಲೆಯಲ್ಲಿ ಪೂಜೆ ಅರ್ಪಿಸುತ್ತಿದ್ದೆ. ಮಳೆಗಾಗಿ ಉಪವಾಸವಿದ್ದು ಪ್ರಾರ್ಥಿಸಿದ ಮೂರನೆಯ ಶುಕ್ರವಾರ ಅದು. ಇದೇ ಅಧ್ಯಾಯವನ್ನು ಓದಿ ಪ್ರಬೋಧನೆ ಮಾಡಿದೆ. ನಿಮ್ಮ ಪಾಪಗಳೇ ಆಕಾಶಕ್ಕೆ ಬೀಗ ಹಾಕಿವೆ, ಪಶ್ಚಾತ್ತಾಪಪಟ್ಟರೆ ಮಳೆ ಬರುವುದು ಎಂದೆ. ಸೆಮಿನರಿಯಲ್ಲಿ ಕಲಿತ ತರ್ಕ ನನ್ನ ಬಾಯಲ್ಲಿ ಬಲು ಸರಾಗವಾಗಿ ಹರಿಯಿತು. ಪೂಜೆ ಮುಗಿದು ಚಹಾ ಕೊಡುವಾಗ ಆ ಮನೆಯ ಅಜ್ಜಿ ಕೇಳಿದರು: "ಅಲ್ರೀ ಫಾದರ್, ನಮ್ಮ ಪಾಪಕ್ಕ ಮಳಿ ಹೋಗ್ಯಾದ ಅಂದ್ರಿ. ಖರೇನ ಇದ್ದೀತು. ಎಮ್ಮಿ ಈದು ತಿಂಗಳಾಗಿತ್ತು. ಮೇವಿಲ್ಲ, ಹಾಲ ಬತ್ತಿತು, ಕರ ಸತ್ತಿತು. ಆ ಕರ ಏನ ಪಾಪ ಮಾಡಿತ್ರೀ?"

ಉತ್ತರ ನನ್ನಲ್ಲಿರಲಿಲ್ಲ. ಮೋಟಾರ್ ಸೈಕಲ್ಲಿನ ಮೇಲೆ ಹಿಂದಿರುಗುವಾಗ ದಾರಿಯಲ್ಲಿ ಹೊಳೆದದ್ದು ಇಷ್ಟೇ: ಆಕೆ ಕೇಳಿದ ಪ್ರಶ್ನೆ ನಾನು ಅದೇ ಬೆಳಿಗ್ಗೆ ಗಟ್ಟಿಯಾಗಿ ಓದಿದ್ದ ಐದನೆಯ ವಚನದಲ್ಲೇ ಇತ್ತು. ಪ್ರವಾದಿ ಜಿಂಕೆಯನ್ನು ತಂದು ನಿಲ್ಲಿಸಿದ್ದು ಅಲಂಕಾರಕ್ಕಲ್ಲ. ಪಾಪದ ಲೆಕ್ಕಕ್ಕೆ ಸಿಗದ ಒಂದು ಜೀವವನ್ನು ಅವನು ಬೇಕೆಂದೇ ದೇವರ ಎದುರು ಇಟ್ಟಿದ್ದಾನೆ.

ಅಂದು ರಾತ್ರಿ ಅಧ್ಯಾಯವನ್ನು ಮತ್ತೆ ಓದಿದೆ. ಏಳನೆಯ ವಚನದಿಂದ ಪ್ರಾರ್ಥನೆ ಆರಂಭವಾಗುತ್ತದೆ. ಯೆರೆಮೀಯನು ಅಲ್ಲಿ ಪಾಪವನ್ನು ಒಪ್ಪಿಕೊಳ್ಳುತ್ತಾನೆ, ನಿಜ. ಆದರೆ ಒಪ್ಪಿಕೊಳ್ಳುವುದು 'ನಮ್ಮ' ಪಾಪಗಳನ್ನು. ಈ ಅಧ್ಯಾಯದಲ್ಲಿ ದೇವರ ಮುಂದೆ ನಿಂತಾಗ ಅವನು ಒಂದು ಸಲವೂ 'ಇವರ' ಪಾಪ ಎನ್ನುವುದಿಲ್ಲ. ಜನರ ಮುಂದೆ ನಿಂತು ಅವರನ್ನು ಉಗ್ರವಾಗಿ ಗದರಿಸಿದ್ದಾನೆ. ಆದರೆ ಅಲ್ಲಿ ಹೆಸರಿಸಿದ ಪಾಪ ಯಾವುದೆಂದು ನೋಡಬೇಕು. 7ನೆಯ ಅಧ್ಯಾಯದಲ್ಲಿ ಪರದೇಶಿ, ಅನಾಥ, ವಿಧವೆಯರ ಮೇಲಿನ ದಬ್ಬಾಳಿಕೆ. 22ನೆಯ ಅಧ್ಯಾಯದಲ್ಲಿ ಕೂಲಿ ಕೊಡದೆ ಅರಮನೆ ಕಟ್ಟಿಸುವ ಅರಸ. ಈ ಪಾಪಗಳಿಗಾಗಿ ಸಿಂದಗಿ ತಾಲೂಕಿನ ಅಜ್ಜಿಯನ್ನು ಹೊಣೆ ಮಾಡಿದ ನನಗೆ ವ್ಯಾಕರಣದ ಸರ್ವನಾಮವೂ ಗೊತ್ತಿರಲಿಲ್ಲ, ಪ್ರವಾದಿಯೂ ಗೊತ್ತಿರಲಿಲ್ಲ.

ಬರವನ್ನು ಹಾಗೆ ದೇವರ ತಲೆಗೋ ಬಡವರ ತಲೆಗೋ ಕಟ್ಟಿ ಕೈತೊಳೆದುಕೊಳ್ಳುವುದು ಹಳೆಯ ಅಭ್ಯಾಸ. 1876-78ರ ಮಹಾಬರದ ಕಾಲದಲ್ಲಿ ಈ ನಾಲ್ಕು ತಾಲೂಕುಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು. 1872 ಮತ್ತು 1881ರ ಜನಗಣತಿಗಳ ನಡುವೆ ಆ ಜಿಲ್ಲೆಯ ಜನಸಂಖ್ಯೆ ಐದನೆಯ ಒಂದು ಭಾಗದಷ್ಟು ಕುಗ್ಗಿತು. ಮಳೆ ಬರಲಿಲ್ಲವೆಂಬುದು ಸತ್ಯ. ಪರಿಹಾರ ಕಾಮಗಾರಿಯ ಕೂಲಿಯನ್ನು 1877ರಲ್ಲಿ ಕಡಿತಗೊಳಿಸಿದ್ದೂ, ಅದೇ ವೇಳೆಗೆ ದೇಶದ ಧಾನ್ಯ ಹಡಗೇರಿ ಹೊರಗೆ ಹೋಗುತ್ತಲೇ ಇದ್ದದ್ದೂ ಅಷ್ಟೇ ಸತ್ಯ. ಬರಪೀಡಿತ ಸೀಮೆಗೆ ಧಾನ್ಯ ಮುಟ್ಟಿಸಬೇಕೆಂಬ ಉದ್ದೇಶವೂ ಸೇರಿ ಹೊಟಗಿ-ಗದಗ ರೈಲುಮಾರ್ಗ 1884ರ ಹೊತ್ತಿಗೆ ಸಿದ್ಧವಾಯಿತು. ಇಂದು ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳಿಂದ ಆ ಹಳಿಯ ಮೇಲೆ ಸಾಗುವವರಲ್ಲಿ ಗುಳೆ ಹೊರಟ ಸಂಸಾರಗಳು ಎಷ್ಟೋ. ಹಾಸಿಗೆಯ ಗಂಟು, ಅಡಿಗೆಯ ಪಾತ್ರೆ, ಕಂಕುಳಲ್ಲಿ ಕೂಸು. ಹಿರಿಯ ಮಕ್ಕಳು ಶಾಲೆಗೆಂದು ಅಜ್ಜಿಯ ಬಳಿ ಉಳಿಯುತ್ತಾರೆ. ಜಿಂಕೆ ಮರಿಯನ್ನು ಬಿಟ್ಟು ಹೋಯಿತೆಂದು ಹೇಳುವ ಪ್ರವಾದಿ ಜಿಂಕೆಯನ್ನು ದೂಷಿಸುವುದಿಲ್ಲ. ಹುಲ್ಲಿಲ್ಲದ ಕಾರಣ ಎಂದಷ್ಟೇ ಹೇಳುತ್ತಾನೆ. ಗುಳೆ ಹೋದ ತಾಯಂದಿರ ಕುರಿತು ಹಗುರವಾಗಿ ಮಾತಾಡುವವರು ಆ ಕಾರಣವನ್ನು ಕೇಳಿಸಿಕೊಳ್ಳಬೇಕು.

ಎಂಟನೆಯ ವಚನದಲ್ಲಿ ಪ್ರಾರ್ಥನೆ ಇದ್ದಕ್ಕಿದ್ದಂತೆ ಧೈರ್ಯ ತಾಳುತ್ತದೆ. ನೀನೇಕೆ ಈ ನಾಡಿನಲ್ಲಿ ಪರದೇಶಿಯ ಹಾಗೆ, ಒಂದು ರಾತ್ರಿ ತಂಗಲು ಬಂದ ದಾರಿಹೋಕನ ಹಾಗೆ ಇದ್ದೀಯೆ ಎಂದು ಅವನು ಸರ್ವೇಶ್ವರನನ್ನೇ ಕೇಳುತ್ತಾನೆ. ದಿಕ್ಕುಗೆಟ್ಟವನಂತೆ, ಕಾಪಾಡಲಾರದ ವೀರನಂತೆ ಎಂದೂ ಸೇರಿಸುತ್ತಾನೆ. ಇದು ಆಕ್ಷೇಪಣೆ, ದೇವರು ತನ್ನ ಮನೆಯಲ್ಲೇ ಅತಿಥಿಯಾಗಿಬಿಟ್ಟನೆಂಬ ದೂರು. ಪರದೇಶಿ ಎಂಬುದಕ್ಕೆ ಇಲ್ಲಿರುವ 'ಗೇರ್' ಎಂಬ ಪದ ಸ್ವಂತ ಹೊಲ ಮನೆಯಿಲ್ಲದೆ ಅನ್ಯರ ನಾಡಿನಲ್ಲಿ ಬದುಕುವವನನ್ನು ಸೂಚಿಸುತ್ತದೆ. ಗೋವಾದ ರಸ್ತೆಯ ಬದಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಗುಡಿಸಲಲ್ಲಿ ಮಲಗುವ ನಮ್ಮ ಮುದ್ದೇಬಿಹಾಳದ ಕೂಲಿಗಾರ ಇದ್ದಾನಲ್ಲ, ಅವನೇ 'ಗೇರ್'. ಯೆರೆಮೀಯನು ಆಕ್ಷೇಪಣೆಯಾಗಿ ಆಡಿದ ಮಾತನ್ನು ನಾವು ಸಾಂತ್ವನವಾಗಿ ಓದಿಕೊಳ್ಳುವುದು ವಚನದ ನೇರ ಅರ್ಥವಲ್ಲ, ಅದು ನನಗೆ ಗೊತ್ತು. ಆದರೆ ಮಗುವಾಗಿದ್ದಾಗಲೇ ಈಜಿಪ್ಟಿಗೆ ಗುಳೆ ಹೋದ ಪ್ರಭುವನ್ನು ಆರಾಧಿಸುವವರು ಆ ಮಾತನ್ನು ಹಾಗೆ ಓದದೆ ಇರುವುದೂ ಕಷ್ಟ.

ಅದೇ ವಚನದಲ್ಲಿ ಇನ್ನೊಂದು ಪದ ಅಡಗಿದೆ. ಇಸ್ರಯೇಲಿನ ನಂಬಿಕೆಯ ನೆಲೆಯೇ ಎಂದು ದೇವರನ್ನು ಸಂಬೋಧಿಸುವಾಗ ಪ್ರವಾದಿ ಬಳಸುವ ಪದ 'ಮಿಕ್ವೇ'. ಹೀಬ್ರೂವಿನಲ್ಲಿ ಮಿಕ್ವೇ ಎಂದರೆ ನಿರೀಕ್ಷೆ. ಮಿಕ್ವೇ ಎಂದರೆ ನೀರು ಸಂಗ್ರಹವಾಗಿ ನಿಂತ ಜಾಗವೂ ಹೌದು; ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ನೀರೆಲ್ಲ ಒಂದೆಡೆ ಕೂಡಿದ್ದಕ್ಕೆ ಇದೇ ಪದ. ತೊಟ್ಟಿಗಳೆಲ್ಲ ಒಣಗಿದ ಊರಿನ ನಡುವೆ ನಿಂತು ದೇವರನ್ನು 'ನಮ್ಮ ಕೆರೆಯೇ' ಎಂದು ಕರೆದ ಹಾಗೆ ಇದು. ಬೇಸಿಗೆಯಲ್ಲಿ ಊರ ಕೆರೆಯ ಏರಿಯ ಮೇಲೆ ನಿಂತು ಒಳಗಿನ ಒಣ ಹೂಳನ್ನು ನೋಡಿದವರಿಗೆ ಈ ಪದ ಒಮ್ಮೆಗೆ ಅರ್ಥವಾಗುತ್ತದೆ.

ಪ್ರಾರ್ಥನೆಗೆ ಉತ್ತರ ಬರುತ್ತದೆ, ಆದರೆ ಅದು ಮಳೆಯಲ್ಲ. ಈ ಜನರ ಒಳಿತಿಗಾಗಿ ಬಿನ್ನವಿಸಬೇಡ, ಇವರು ಉಪವಾಸವಿದ್ದರೂ ಕೇಳೆನು, ಬಲಿ ಅರ್ಪಿಸಿದರೂ ಒಲ್ಲೆನು ಎಂಬ ನಿಷ್ಠುರ ನುಡಿ. ತತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ, ಪ್ರಾರ್ಥನೆ ದೇವರ ಸಂಕಲ್ಪವನ್ನು ಬದಲಿಸುವುದಕ್ಕಲ್ಲ, ಪ್ರಾರ್ಥನೆಯ ಮೂಲಕವೇ ದೊರೆಯಲೆಂದು ಆತನು ಸಂಕಲ್ಪಿಸಿದ್ದನ್ನು ಪಡೆಯುವುದಕ್ಕೆ ಎಂಬ ಸಂತ ತೋಮಸ್ ಅಕ್ವಿನಾಸರ ವಿವರಣೆಯನ್ನು ಬಾಯಿಪಾಠ ಮಾಡಿದ್ದೆ. ಆ ವಿವರಣೆ ತಪ್ಪೆಂದು ಇಂದಿಗೂ ಹೇಳಲಾರೆ. ಆದರೆ ಬೇಡಬೇಡ ಎಂದು ದೇವರೇ ಹೇಳಿದ ಮೇಲೂ ಬೇಡುವವನ ವಿಷಯದಲ್ಲಿ ಅದು ಮೌನವಾಗಿದೆ. ಯೆರೆಮೀಯನಾದರೋ ಬೇಡುವುದನ್ನು ನಿಲ್ಲಿಸುವುದಿಲ್ಲ. ಜನರ ಪರವಾಗಿ ಒಂದು ಸಬೂಬನ್ನೂ ಹೂಡುತ್ತಾನೆ: ಸ್ವಾಮೀ, ಇವರಿಗೆ ಬೇರೆ ಪ್ರವಾದಿಗಳು ಸುಳ್ಳು ಹೇಳಿದ್ದಾರೆ, ಕ್ಷಾಮ ಬರುವುದೇ ಇಲ್ಲವೆಂದು ನಂಬಿಸಿದ್ದಾರೆ ಎಂದು.

ಆ ಪ್ರವಾದಿಗಳ ಸಂತತಿ ಅಳಿದಿಲ್ಲ. ಆಲಮಟ್ಟಿಯಲ್ಲಿ, ಅಂದಿನ ಬಾಗೇವಾಡಿ ತಾಲೂಕಿನಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಶಂಕುಸ್ಥಾಪನೆ ಮಾಡಿದರು; ಅಣೆಕಟ್ಟು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಯಾದದ್ದು 2006ರಲ್ಲಿ. ನಡುವಿನ ನಲವತ್ತೆರಡು ವರ್ಷಗಳಲ್ಲಿ ಬಂದು ಹೋದ ಚುನಾವಣೆಗಳಲ್ಲಿ ನೀರು ಎಷ್ಟು ಸಲ ಭಾಷಣದಲ್ಲಿ ಹರಿಯಿತೋ ಲೆಕ್ಕವಿಲ್ಲ. ಹೊಲ ಮನೆ ಮುಳುಗಿಸಿಕೊಂಡವರು ಒಂದು ಕಡೆ. ಹಿನ್ನೀರನ್ನು ಕಣ್ಣಳತೆಯಲ್ಲಿ ನೋಡುತ್ತ ಟ್ಯಾಂಕರಿಗಾಗಿ ಕಾದವರು ಇನ್ನೊಂದು ಕಡೆ. ಏತ ನೀರಾವರಿಯಿಂದ, ಕೆರೆ ತುಂಬಿಸುವ ಕೆಲಸದಿಂದ ಎಷ್ಟೋ ಊರುಗಳ ಮುಖ ಬದಲಾದದ್ದೂ ನಿಜ, ಅದನ್ನು ಮರೆಮಾಚುವುದು ಅನ್ಯಾಯ. ಆದರೂ 2023ರಲ್ಲಿ ರಾಜ್ಯದ 223 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ರಾಜಕಾರಣಿಗಳನ್ನು ಮಾತ್ರ ಸುಳ್ಳು ಪ್ರವಾದಿಗಳೆಂದು ಬೆರಳು ತೋರಿಸಿ ನಾವು ಪಾರಾಗುವಂತೆಯೂ ಇಲ್ಲ. ಒಂಬತ್ತು ದಿನ ಹೀಗೆ ಪ್ರಾರ್ಥಿಸಿದರೆ ಹತ್ತನೆಯ ದಿನ ಇಂಥದು ದೊರೆಯುವುದೆಂದು ಅಚ್ಚುಹಾಕಿ ಹಂಚುವ ಚೀಟಿಗಳು ನಮ್ಮ ಕುಟುಂಬಗಳ ಬೈಬಲಿನ ಒಳಗೇ ಇವೆ.

ಹದಿನೆಂಟನೆಯ ವಚನ ಇನ್ನೂ ಹತ್ತಿರಕ್ಕೆ ಬಂದು ಚುಚ್ಚುತ್ತದೆ. ಹೊಲಕ್ಕೆ ಹೋದರೆ ಕತ್ತಿಗೆ ಬಿದ್ದವರು, ಊರಿಗೆ ಬಂದರೆ ಹಸಿವಿನಿಂದ ನರಳುವವರು. ಪ್ರವಾದಿಯೂ ಯಾಜಕನೂ ಮಾತ್ರ ಏನೂ ತಿಳಿಯದೆ ನಾಡಿನಲ್ಲಿ ಸುತ್ತುತ್ತಿದ್ದಾರೆ ಎನ್ನುತ್ತದೆ ಅದು. ಸುತ್ತುವುದು ಎಂಬ ಆ ಕ್ರಿಯಾಪದಕ್ಕೆ ವ್ಯಾಪಾರ ಮಾಡುವುದು ಎಂಬ ಅರ್ಥವೂ ಇದೆ. ವಿದ್ವಾಂಸರು ಯಾವ ಅರ್ಥ ಸರಿಯೆಂದು ಚರ್ಚಿಸುತ್ತಾರೆ. ಯಾಜಕನಾದ ನನಗೆ ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಸುಖವಿಲ್ಲ.

ಅನ್ಯಜನಾಂಗಗಳ ಪೊಳ್ಳು ದೇವತೆಗಳಲ್ಲಿ ಮಳೆ ಸುರಿಸುವವರು ಯಾರಿದ್ದಾರೆ ಎಂದು ಕೊನೆಯ ವಚನ ಕೇಳುತ್ತದೆ. ಈ ವಚನವನ್ನು ಹಿಡಿದು ನೆರೆಯವರ ಆಚರಣೆಗಳನ್ನು ಹಳಿಯುವ ಚಪಲ ನಮ್ಮವರಲ್ಲಿ ಕೆಲವರಿಗೆ ಉಂಟು. ಮಳೆ ಬಾರದಿದ್ದಾಗ ನಮ್ಮ ಹಳ್ಳಿಗಳಲ್ಲಿ ಹುಡುಗನೊಬ್ಬನ ತಲೆಯ ಮೇಲೆ ಹಂಚಿಟ್ಟು, ಅದರಲ್ಲಿ ಸಗಣಿಯ ಗುರ್ಜಿಯನ್ನು ಕೂರಿಸಿ, ಮನೆಮನೆಗೆ ಕರೆದೊಯ್ದು ನೀರು ಸುರಿಯುತ್ತಾರೆ. ನಮ್ಮ ಹುಡುಗ ಆ ಗುಂಪಿನ ಹಿಂದೆ ಹೋಗಬಹುದೇ ಎಂದು ಒಬ್ಬ ತಾಯಿ ಕೇಳಿದಾಗ ನಾನು ಬಹಳ ಕಠಿಣವಾಗಿ ಉತ್ತರಿಸಿದ್ದೆ. ಕೊಡದಲ್ಲಿ ನೀರಿಲ್ಲದವಳು ಗುರ್ಜಿಯ ಮೇಲೆ ಒಂದು ತಂಬಿಗೆ ನೀರು ಸುರಿಯುವುದರಲ್ಲಿರುವ ತ್ಯಾಗವನ್ನು ಅಂದು ಕಾಣಲಿಲ್ಲ. ಯೆರೆಮೀಯನು ಆ ಮಾತನ್ನು ನೆರೆಯವರಿಗೆ ಹೇಳಿದ್ದಲ್ಲ. ಒಡಂಬಡಿಕೆಯನ್ನು ಮರೆತ ತನ್ನ ಜನರ ಪರವಾಗಿ, ತನ್ನ ದೇವರಿಗೆ, ಕಣ್ಣೀರಿನ ನಡುವೆ ಹೇಳಿದ್ದು.

ಆ ಕೊನೆಯ ವಚನದ ಕೊನೆಯ ಭಾಗದಲ್ಲಿ ಒಂದು ಕ್ರಿಯಾಪದ ಬರುತ್ತದೆ: 'ನೆಕವ್ವೇ', ಎಂದರೆ ನಾವು ನಿರೀಕ್ಷಿಸುತ್ತೇವೆ. ಮಿಕ್ವೇ ಹುಟ್ಟಿದ ಅದೇ ಧಾತು. ಬತ್ತಿದ ತೊಟ್ಟಿಯಿಂದ ಹೊರಟ ಅಧ್ಯಾಯ ಈ ಕಾಯುವಿಕೆಗೆ ಬಂದು ನಿಂತುಬಿಡುತ್ತದೆ. ಮಳೆ ಬಂದಿತೆಂದು ಎಲ್ಲಿಯೂ ಬರೆದಿಲ್ಲ. ಪುಟ ತಿರುವಿದರೆ 15ನೆಯ ಅಧ್ಯಾಯದ ಮೊದಲ ವಚನದಲ್ಲಿ, ಮೋಶೆಯೂ ಸಮುವೇಲನೂ ಬಂದು ನಿಂತರೂ ಕೇಳೆನೆಂಬ ಮರುನುಡಿ. ಅಧ್ಯಾಯಗಳ ವಿಂಗಡಣೆ ಹದಿಮೂರನೆಯ ಶತಮಾನದ್ದು, ಪ್ರವಾದಿಯದಲ್ಲ. ಆದರೂ ಬಿನ್ನಹಕ್ಕೂ ನಿರಾಕರಣೆಗೂ ನಡುವೆ ಯಾರೋ ಒಂದು ಗೆರೆ ಎಳೆದು ಉಸಿರಾಡಲು ಎಡೆ ಮಾಡಿಕೊಟ್ಟರೆಂದು ನನಗೆ ಅನ್ನಿಸುತ್ತದೆ.

2003ರ ಹಿಂಗಾರಿಯೂ ಆ ಹಳ್ಳಿಗೆ ಕೈಕೊಟ್ಟಿತು. ದಸರೆ ಮುಗಿಯುತ್ತಲೇ ಅಜ್ಜಿಯ ಮಗನೂ ಸೊಸೆಯೂ ಗೋವಾಕ್ಕೆ ಹೋದರು. ಇಬ್ಬರು ಮೊಮ್ಮಕ್ಕಳು ಆಕೆಯ ಬಳಿ ಉಳಿದರು. ನವೆಂಬರ್ ಹೊತ್ತಿಗೆ ವಿಶ್ವಾಸಿಗಳ ಪ್ರಾರ್ಥನೆಯ ಪಟ್ಟಿಯಿಂದ ಮಳೆಯ ಬಿನ್ನಹವನ್ನು ನಾನು ಕೈಬಿಟ್ಟಿದ್ದೆ. ಹಂಗಾಮು ಮುಗಿದಿತ್ತು, ಇನ್ನು ಕೇಳಿ ಫಲವೇನೆಂಬುದು ನನ್ನ ಲೆಕ್ಕ. ನಾನು ಪಟ್ಟಿ ಓದಿ ಮುಗಿಸಿದ ಮೇಲೆ, ಕಾಗದ ಮಡಚುವ ಹೊತ್ತಿನಲ್ಲಿ, ಪಡಸಾಲೆಯ ಮೂಲೆಯಿಂದ ಪ್ರತಿಸಲವೂ ಆ ಅಜ್ಜಿಯ ದನಿ ಕೇಳುತ್ತಿತ್ತು: "ಮಳಿ ಕೊಡಪಾ ಸ್ವಾಮಿ." ಕುಳಿತಿದ್ದ ಏಳೆಂಟು ಮಂದಿ ಅದಕ್ಕೆ ವಾಡಿಕೆಯಂತೆ ಓಗೊಡುತ್ತಿದ್ದರು. ನಾನೂ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಅವರೊಡನೆ ಹೇಳುತ್ತಿದ್ದೆ.